ಮೂರೂವರೆ ಬೆರಳು

ಫೆಬ್ರವರಿ ೮, ಭಾನುವಾರ

ನನ್ನ ಹತ್ತು ಉಗುರಿನ ಮೇಲೆ ಇವತ್ತು ಹತ್ತು ಹೂವು ಅರಳಿವೆ. ಹೊಟ್ಟೆಯೊಳಗೆ ಖುಷಿ ಕುಣಿಯುತ್ತಿರುವಾಗ ಸುಮ್ಮನೆ ಕೂರಲಾಗದೆ, ಇನ್ನೂ ಹಸಿ ಆರದ ಬೆರಳುಗಳಲ್ಲಿ ಪೆನ್ನನ್ನು ಚಿಮಟದಲ್ಲಿ ಹಿಡಿದ ಹಾಗೆ ಹಿಡಿದು ಬರೆಯುತ್ತಿದ್ದೇನೆ.

ಈ ಡೈರಿ ಮದುವೆಗೆ ಬಂದ ಉಡುಗೊರೆಗಳಲ್ಲಿ ಒಂದು. ನರ್ಸರಿಯಿಂದ ಡಿಗ್ರಿಯವರೆಗೆ ಇಂಗ್ಲಿಷಿನಲ್ಲೇ ಓದಿದವಳು ನಾನು. ಆದರೆ ಇವನ ಪ್ರಕಾರ ನಾನು ಜಗಳ ಆಡುವುದು ಇಂಗ್ಲಿಷಿನಲ್ಲಿ, ಮುದ್ದು ಮಾಡುವುದು ಕನ್ನಡದಲ್ಲಿ. ಸದ್ಯಕ್ಕೆ ಜಗಳಕ್ಕೆ ಕಾರಣವೇ ಇಲ್ಲ, ಹಾಗಾಗಿ ಡೈರಿ ಕನ್ನಡದಲ್ಲೇ ಇರಲಿ.

ಹೂವಿಗೆ ದೊಡ್ಡ ಸಾಮಾನು ಏನೂ ಬೇಡ. ಹೇರ್‌ಪಿನ್ನಿನ ಗುಂಡು ತುದಿಯನ್ನು ಪಾಲಿಷ್‌ನಲ್ಲಿ ಅದ್ದಿ ಸುತ್ತಲೂ ಐದು ಚುಕ್ಕೆ, ನಡುವೆ ಟೂತ್‌ಪಿಕ್ಕಿನಿಂದ ಒಂದು ಹಳದಿ ಚುಕ್ಕೆ. ಎಡಗೈಯ ಹೂವು ಅಂಗಡಿಯಲ್ಲಿ ಹಾಕಿಸಿದ ಹಾಗೆ ಬಂದವು. ಎಡಗೈಯಿಂದ ಬಲಗೈಗೆ ಹಾಕುವಾಗ ಮಾತ್ರ ಯಾರೋ ಚಪ್ಪಲಿ ಕಾಲಲ್ಲಿ ತುಳಿದ ಹಾಗಾಗಿ, ಅಳುಮುಖ ಮಾಡಿಕೊಂಡು ಕೂತಿದ್ದೆ. ಇವನು ಬಂದು ಪಿನ್ನು ಕಸಿದುಕೊಂಡ. ಉಸಿರು ಬಿಗಿಹಿಡಿದು, ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಎಂಥ ಎಸಳು ಬಿಡಿಸಿದ ಅಂತೀರಿ. ಬಿಡಿಸದೆ ಏನು? ಇವನ ಕೆಲಸವೇ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಇವನು ಅಲ್ಲಿ ಕೂತು ಮೇಣದಲ್ಲಿ ಹಲ್ಲು ಕೆತ್ತಿ, ಪಿಂಗಾಣಿ ಪುಡಿಯನ್ನು ಕೂದಲಿನಂಥ ಬ್ರಷ್ಷಿನಲ್ಲಿ ಪದರ ಪದರವಾಗಿ ಹಚ್ಚಿ, ಪಕ್ಕದ ಹಲ್ಲಿಗೂ ಗೊತ್ತಾಗದಂಥ ಹಲ್ಲು ಮಾಡಿಕೊಡುತ್ತಾನೆ. ಪ್ರಪಂಚದಲ್ಲಿ ಎಷ್ಟೊಂದು ಜನ ನನ್ನ ಗಂಡನ ಕೈಯಿಂದ ನಗುತ್ತಿದ್ದಾರೆ ಎಂದು ನೆನೆದರೆ ನನಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ.

ಅತ್ತೆ ನನ್ನ ಉಗುರು ನೋಡಿ, “ಬೆಳಗ್ಗೆ ಹಾಕಿದ ಬಟ್ಟೆ ಒಣಗಿ, ಮಡಚಿ, ಬೀರು ಸೇರಿದ್ವು. ಇವಳ ಉಗುರು ಇನ್ನೂ ಒಣಗ್ತಾನೇ ಇದೆ” ಅಂದರು. ಇವನು ತೋಳು ಮಡಚಿಕೊಂಡು, ಇವತ್ತಿನ ಪಾತ್ರೆಯೆಲ್ಲ ತನ್ನದು, ಕಲಾವಿದೆ ಏಳಬಾರದು ಎಂದು ಘೋಷಿಸಿ ಅಡುಗೆಮನೆಗೆ ಹೋದ. ಅತ್ತೆಯ ಎದುರು ನಾನು ಅವನನ್ನು ‘ರೀ’ ಅನ್ನುತ್ತೇನೆ. ರೂಮಿನ ಬಾಗಿಲು ಹಾಕಿದ ಮೇಲೆ ‘ಲೋ’. ಈಗ ಅಲ್ಲಿಂದ ಶಿಳ್ಳೆ ಕೇಳುತ್ತಿದೆ, ಉದ್ದನೆಯ ಗಾಜಿನ ಲೋಟಗಳು ಒಂದಕ್ಕೊಂದು ತಾಗುವ ಸದ್ದೂ ಕೇಳುತ್ತಿದೆ. ಇಷ್ಟು ಸುಖ

ಏನೋ ಒಡೆಯಿತು. ನೋಡಿ ಬರುತ್ತೇನೆ.

ಫೆಬ್ರವರಿ ೧೩, ಶುಕ್ರವಾರ

ಲೋಟದ ತಳ ಉಜ್ಜಲು ಕೈ ಒಳಗೆ ತೂರಿಸಿದ್ದಾನೆ. ಲೋಟ ಸೀಳಿ, ಅದರ ಅಂಚು ಬಲಗೈಯ ಮಣಿಕಟ್ಟಿಗೆ ಇಳಿದಿದೆ. ನಾನು ಹೋದಾಗ ಸಿಂಕಿನ ನೊರೆಯೆಲ್ಲ ಕೆಂಪಾಗಿತ್ತು. ಟವೆಲ್ ಸುತ್ತಿ ಒತ್ತಿ ಹಿಡಿದವರು ಅತ್ತೆ. ಆಸ್ಪತ್ರೆಯಲ್ಲಿ ಎಲ್ಲರೆದುರು “ಲೋ, ಕಣ್ಣು ಮುಚ್ಚಬೇಡ ಕಣೋ” ಎಂದು ಅರಚಿದೆನಂತೆ. ಅತ್ತೆ ಅದರ ಬಗ್ಗೆ ಒಂದು ಮಾತೂ ಎತ್ತಿಲ್ಲ.

ಆಪರೇಷನ್ ಮಾಡಿದ ಡಾಕ್ಟರು ಒಳ್ಳೆಯ ಮನುಷ್ಯ, ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಒಂದು ದೊಡ್ಡ ನರ ಪೂರ್ತಿ ತುಂಡಾಗಿತ್ತು. ಹೊಲಿದಿದ್ದಾರೆ.

“ಹೊಲಿದ ತಕ್ಷಣ ಸರಿಯಾಗೋದಿಲ್ಲಮ್ಮ. ವೈರ್ ಜೋಡಿಸಿದ ಹಾಗಲ್ಲ ಇದು. ಹೊಲಿದ ಜಾಗದಿಂದ ನರ ಹೊಸದಾಗಿ ಬೆರಳಿನ ತುದಿವರೆಗೂ ಬೆಳೆದುಕೊಂಡು ಹೋಗಬೇಕು. ತಿಂಗಳುಗಟ್ಟಲೆ ಹಿಡಿಯುತ್ತೆ. ಬೆಳೆದರೆ.”

ಆ ಕೊನೆಯ ‘ಬೆಳೆದರೆ’ಯನ್ನು ಎಷ್ಟು ಮೆತ್ತಗೆ ಹೇಳಿದರೆಂದರೆ, ಅತ್ತೆಗೆ ಕೇಳಿಸಲೇ ಇಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಒಂದು ಮಗ್ಗುಲು. ಇಷ್ಟಕ್ಕೆ ಈಗ ಸ್ಪರ್ಶವೇ ಇಲ್ಲ. ಕಿರುಬೆರಳಿಗೆ ಬೇರೆ ನರವಂತೆ, ಅದು ಬಚಾವಾಗಿದೆ. ಒಟ್ಟು ಮೂರೂವರೆ ಬೆರಳು ಎಂದರು ಡಾಕ್ಟರು. ಹಲ್ಲು ಕೆತ್ತುವವನಿಗೆ ಬೇಕಾದ ಬೆರಳುಗಳೂ ಅವೇ.

ನನ್ನ ಉಗುರಿನ ಹೂವು ಇನ್ನೂ ಹಾಗೇ ಇವೆ. ಮೇಲೆ ಬಣ್ಣ ಏಳದ ಹಾಗೆ ಒಳ್ಳೆಯ ಟಾಪ್ ಕೋಟ್ ಹಚ್ಚಿದ್ದೆ.

ಫೆಬ್ರವರಿ ೨೬, ಗುರುವಾರ

ಮನೆಗೆ ಬಂದಿದ್ದಾನೆ. ಮಣಿಕಟ್ಟು ಬಗ್ಗಿಸಿಟ್ಟು ಪಟ್ಟಿ ಕಟ್ಟಿದ್ದಾರೆ, ಕೈ ಏನೋ ಬೇಡುತ್ತಿರುವ ಹಾಗೆ ಕಾಣುತ್ತದೆ. ಊಟ ನಾನೇ ತಿನ್ನಿಸುತ್ತೇನೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ಎಡಗೈಯಲ್ಲಿ ಹಲ್ಲುಜ್ಜಲು ಹೋಗಿ ಕಿವಿಯವರೆಗೂ ಪೇಸ್ಟ್ ಮೆತ್ತಿಕೊಂಡ ಗಂಡನನ್ನು ನೋಡಿ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಇನ್ನೇನು ನೆಪ ಬೇಕು? ಎಲ್ಲ ಸರಿಹೋಗುತ್ತದೆ. ನನಗೆ ಗೊತ್ತು. ನನ್ನ ಒಳಮನಸ್ಸು ಯಾವತ್ತೂ ಸುಳ್ಳು ಹೇಳಿಲ್ಲ.

ಪಾತ್ರೆ ಈಗ ಪೂರ್ತಿ ನನ್ನದು. ಅತ್ತೆ ಸ್ಟೀಲಿನ ಲೋಟಗಳನ್ನು ಹೊರಗೆ ತೆಗೆದಿದ್ದಾರೆ. ಗಾಜಿನವು ಎಲ್ಲಿ ಹೋದವೋ ಕೇಳಲಿಲ್ಲ.

ಮಾರ್ಚ್ ೨೪, ಮಂಗಳವಾರ

ಪಟ್ಟಿ ಬಿಚ್ಚಿದರು. ಇನ್ನು ಮೇಲೆ ವಾರಕ್ಕೊಮ್ಮೆ ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಹತ್ತಿರ ಹೋಗಬೇಕು. ಅತ್ತೆ ಅವರಿಗೆ ‘ಕೈ ಮೇಡಂ’ ಎಂದು ಹೆಸರಿಟ್ಟಾಗಿದೆ.

ಕೈ ಮೇಡಂ ಒಂದು ಅದ್ಭುತ ತೋರಿಸಿದರು. ಮಣಿಕಟ್ಟಿನ ಗಾಯದ ಗುರುತಿನಿಂದ ಶುರುಮಾಡಿ ಬೆರಳಿನ ಕಡೆಗೆ ತಮ್ಮ ಬೆರಳ ತುದಿಯಿಂದ ಟಕ್ ಟಕ್ ಎಂದು ತಟ್ಟುತ್ತಾ ಹೋದರು. ಒಂದು ಕಡೆ ಇವನು ಜುಂ ಅಂತಿದೆ ಅಂದ. ನರ ಬೆಳೆದು ಅಲ್ಲಿಯವರೆಗೆ ಬಂದಿದೆ ಅಂತ ಅದರ ಅರ್ಥ. ತಟ್ಟುತ್ತಾ ಇರಿ, ಜುಂ ಅನ್ನುವ ಜಾಗ ದಿನ ಕಳೆದಂತೆ ಮುಂದೆ ಮುಂದೆ ಹೋಗಬೇಕು, ಅದು ಬೆರಳಿನ ತುದಿ ಮುಟ್ಟಿದರೆ ಗೆದ್ದ ಹಾಗೆ ಎಂದರು. ಮನೆಗೆ ಬಂದವಳೇ ಆ ಜಾಗಕ್ಕೆ ನನ್ನ ಕೆಂಪು ಪಾಲಿಷ್‌ನಲ್ಲಿ ಒಂದು ಚುಕ್ಕೆ ಇಟ್ಟೆ. ಅಂಗೈಯ ಬುಡದಲ್ಲಿ, ಪುಟ್ಟದು.

ಮೇಡಂ ಇನ್ನೂ ಒಂದು ಹೇಳಿದರು. ಸ್ಪರ್ಶ ಇಲ್ಲದ ಕೈಯನ್ನು ಜನ ಮರೆತುಬಿಡುತ್ತಾರಂತೆ. ಅದನ್ನು ನೋಡಬೇಕು, ಹತ್ತಿ, ಬ್ರಷ್ಷು, ಬಟ್ಟೆ, ಸಿಕ್ಕಿದ್ದರಲ್ಲೆಲ್ಲ ಮುಟ್ಟಿಸುತ್ತಿರಬೇಕು. ಒಲೆಯ ಹತ್ತಿರ, ಇಸ್ತ್ರಿಪೆಟ್ಟಿಗೆಯ ಹತ್ತಿರ ಬಿಡಬಾರದು, ಸುಟ್ಟರೂ ಅದಕ್ಕೆ ಗೊತ್ತಾಗುವುದಿಲ್ಲ.

ಸಂಜೆ ಇವನು ಆ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟು, “ತಗೋ. ಈ ಮೂರೂವರೆ ಬೆರಳು ಸದ್ಯಕ್ಕೆ ನಂದಲ್ಲ. ಪ್ರಾಕ್ಟೀಸಿಗೆ ಇಟ್ಕೋ” ಅಂದ.

“ಗಂಡಸಿನ ಕೈಗೆ ನೇಲ್ ಪಾಲಿಷಾ? ಜನ ಏನಂತಾರೆ?”

“ಜನ ಅಂದಿದ್ದು ಈ ಕೈಗೆ ಎಲ್ಲಿ ಗೊತ್ತಾಗುತ್ತೆ?”

ಮೂರು ಬೆರಳಿಗೆ ಪೂರ್ತಿ ಹಚ್ಚಿದೆ. ಉಂಗುರದ ಬೆರಳಿಗೆ ಅರ್ಧ ಉಗುರು ಮಾತ್ರ, ಸತ್ತ ಮಗ್ಗುಲಿಗೆ. ಸತ್ತ ಅಂತ ಯಾಕೆ ಬರೆದೆ? ಮಲಗಿರುವ ಮಗ್ಗುಲಿಗೆ.

ಏಪ್ರಿಲ್ ೫, ಭಾನುವಾರ

ಚುಕ್ಕೆ ಮುಂದೆ ಹೋಗಿದೆ. ಅಂಗೈಯ ನಡುವಿನ ಕಡೆಗೆ ನಿಜವಾಗಲೂ ಹೋಗಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಅಕ್ಕನಿಗೆ ಹೇಳಿದೆ, ಹಾಲು ತಂದವನಿಗೂ ಹೇಳಿಬಿಡುತ್ತಿದ್ದೆ.

ಇವತ್ತು ಪಟ್ಟೆ ಹಾಕಿದೆವು. ಸೆಲ್ಲೋಟೇಪನ್ನು ಮೊದಲು ಒಂದೆರಡು ಸಲ ಅಂಗೈಗೆ ಅಂಟಿಸಿ ಕಿತ್ತು ಅದರ ಅಂಟು ಸ್ವಲ್ಪ ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ ಉಗುರಿನ ಮೇಲೆ ಓರೆಯಾಗಿ ಅಂಟಿಸಿ, ಮೇಲೆ ಬೇರೆ ಬಣ್ಣ ಹಚ್ಚಿ, ಹಸಿ ಇರುವಾಗಲೇ ಎಳೆದುಬಿಡಬೇಕು. ಎಳೆದಾಗ ಕೆಳಗಿನಿಂದ ಗೆರೆ ಏಳುವುದನ್ನು ನೋಡುವುದೇ ಒಂದು ಹಬ್ಬ. ಇವನು ಬಿಳಿ ಬಾಟಲಿ ನೋಡಿ ಮೂಗು ಮುರಿದ. “ಇಷ್ಟು ಬಿಳಿ ಎಲ್ಲೂ ಇರಲ್ಲ ಕಣೇ. ಹಾಲುಹಲ್ಲಲ್ಲೂ ಇರಲ್ಲ. ಒಂಚೂರು ಹಳದಿ, ಒಂಚೂರು ಬೂದು ಸೇರಿಸು, ಆಗ ಬಿಳಿ ಕಾಣುತ್ತೆ.” ಸೇರಿಸಿದೆ. ಕಂಡಿತು.

ಕೈ ಮೇಡಂ ಉಗುರು ನೋಡಿ ನಕ್ಕು, ಒಳ್ಳೆಯದೇ ಆಯಿತು, ಬಣ್ಣ ಇದ್ದರೆ ಆ ಬೆರಳಿನ ಕಡೆ ಕಣ್ಣು ಹೋಗುತ್ತದೆ, ಮುಂದುವರಿಸಿ ಎಂದರು. ಕೇಳಿದಿರಾ? ನಾನೇ ಔಷಧಿ.

ಏಪ್ರಿಲ್ ೧೮, ಶನಿವಾರ

ಲ್ಯಾಬಿನ ಯಜಮಾನರು ಬಂದಿದ್ದರು. ಬರುವಾಗ ಹಣ್ಣು ತಂದಿದ್ದರು, ಕೂತಷ್ಟು ಹೊತ್ತೂ ಇವನ ಕೈಯನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದರು. ಇವನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲವಂತೆ. “ನಿನ್ನ ಕೈಯಲ್ಲಿ ಆದ ಹಲ್ಲು ಬೇಕು ಅಂತ ಕೇಳಿಕೊಂಡು ಬರೋ ಡಾಕ್ಟರುಗಳು ಇದ್ದಾರಪ್ಪ. ಕಾಯ್ತೀನಿ. ಆದರೆ ನಂದೂ ಒಂದು ಮಿತಿ ಇರುತ್ತಲ್ವಾ?” ಅಂದರು. ಅತ್ತೆ ಚಹಾ ತಂದುಕೊಟ್ಟು, ಮಗ ಬೇಗ ಬಂದುಬಿಡ್ತಾನೆ, ಸೊಸೆ ದಿನಾ ಆ ಕೈಗೆ ಸೇವೆ ಮಾಡ್ತಿದ್ದಾಳೆ ಅಂದರು. ನನ್ನನ್ನು ಅತ್ತೆ ಬೇರೆಯವರೆದುರು ಹೊಗಳಿದ್ದು ಇದೇ ಮೊದಲು. ಕೋಣೆಗೆ ಹೋಗಿ ಕುಣಿದುಬಿಟ್ಟೆ.

ಚುಕ್ಕೆ ಈಗ ಅಂಗೈಯ ನಡುಮಧ್ಯದಲ್ಲಿದೆ.

ಮೇ ೧೦, ಭಾನುವಾರ

ಹೇಗೆ ಬರೆಯಲಿ?

ಮಧ್ಯಾಹ್ನ ಇವನ ಉಗುರಿನ ಬುಡದ ಚರ್ಮ ಒಣಗಿ ಗಟ್ಟಿಯಾಗಿರುವುದನ್ನು ನೋಡಿದೆ. ಬಣ್ಣ ಹಚ್ಚುವ ಮೊದಲು ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಆ ಚರ್ಮ ಹಿಂದಕ್ಕೆ ತಳ್ಳಬೇಕು, ಎಲ್ಲರೂ ಹಾಗೇ ಮಾಡುತ್ತಾರೆ. ಇವತ್ತು ಸ್ಪಂಜಿನ ತುಂಡಿನಿಂದ ಎರಡು ಬಣ್ಣ ಒಂದರೊಳಗೊಂದು ಕರಗಿದ ಹಾಗೆ ಮಾಡುವ ಹಂಚಿಕೆ ಇತ್ತು. ನೀರು ಕಾಯಿಸಿ ಚಿಕ್ಕ ಬಟ್ಟಲಿಗೆ ಸುರಿದೆ. ತಣ್ಣೀರು ಬೆರೆಸಬೇಕು ಅನ್ನುವಷ್ಟರಲ್ಲಿ ಫೋನ್ ಬಂತು. ಅಮ್ಮ. ಚುಕ್ಕೆ ಎಲ್ಲಿಗೆ ಬಂತು ಎಂದು ಕೇಳಲು ಫೋನ್ ಮಾಡಿದ್ದಳು. ಮಾತಾಡುತ್ತಾ ಕಿಟಕಿಯ ಹತ್ತಿರ ಹೋದೆ.

ತಿರುಗಿ ಬಂದಾಗ ಇವನು ಮೂರು ಬೆರಳನ್ನೂ ಬಟ್ಟಲಿನೊಳಗೆ ಇಳಿಬಿಟ್ಟುಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಯುತ್ತಿದ್ದ. ಬಟ್ಟಲು ಚಿಕ್ಕದಲ್ಲವೆ, ಕಿರುಬೆರಳೂ ಉಂಗುರದ ಬೆರಳೂ ಹೊರಗೆ ನೆಟ್ಟಗೆ ನಿಂತಿದ್ದವು. ಮಹಾರಾಣಿ ಚಹಾ ಕುಡಿಯುವ ಹಾಗಿದೆ ಎಂದು ನಕ್ಕೆ. ಅವನೂ ಕಿರುಬೆರಳು ಇನ್ನಷ್ಟು ಮೇಲೆತ್ತಿ ತೋರಿಸಿದ. ಎದುರು ಕೂತು ಬಾಟಲಿಗಳನ್ನು ಸಾಲಾಗಿ ಜೋಡಿಸಿದೆ. ಯಾವ ನೀಲಿ ಎಂದು ಚರ್ಚೆ ಮಾಡಿದೆವು. ಅವನು ಸಮುದ್ರದ್ದು ಅಂದ, ನಾನು ಸಂಜೆಯದ್ದು ಅಂದೆ. ಆಮೇಲೆ ಅವನ ಕೈ ಎತ್ತಲು ನನ್ನ ಬೆರಳು ನೀರಿಗೆ ತಾಗಿತು.

ನಾನು ಚೀರಿದೆ. ಅವನು ಚೀರಲಿಲ್ಲ. ಏನಾಯ್ತೇ ಎಂದು ನನ್ನ ಕೈ ನೋಡಿದ.

ಬೆರಳು ಮೂರೂ ಬೇಯಿಸಿದ ಹಾಗಾಗಿದ್ದವು.

ಕಿರುಬೆರಳು ಒಳಗಿದ್ದಿದ್ದರೆ ಹೇಳುತ್ತಿತ್ತು. ಅದೊಂದು ಒಳಗಿದ್ದಿದ್ದರೆ.

ಒಲೆಯಿಂದ ದೂರ ಇಟ್ಟಿದ್ದೆ. ಇಸ್ತ್ರಿಪೆಟ್ಟಿಗೆಯನ್ನು ಬೀರುವಿನ ಮೇಲೆ ಹಾಕಿದ್ದೆ. ಬಟ್ಟಲಿನ ಬಗ್ಗೆ ಮೇಡಂ ಹೇಳಿರಲಿಲ್ಲ.

ಮೇ ೧೧

ಬೊಬ್ಬೆ ಒಡೆದಿವೆ. ನೋವಿಲ್ಲ ಅನ್ನುತ್ತಾನೆ. ಅದನ್ನೇ ಹೇಳಿ ಸಮಾಧಾನ ಮಾಡುತ್ತಾನೆ, ಸ್ವಲ್ಪವೂ ನೋವಿಲ್ಲ ಅಳಬೇಡ ಅಂತ.

ಮೇ ೧೩

ಬರೆಯಲು ಏನೂ ಇಲ್ಲ.

ಮೇ ೨೭, ಬುಧವಾರ

ಇಷ್ಟು ದಿನ ಅತ್ತೆ ನನ್ನ ಹತ್ತಿರ ಉಪ್ಪು, ಸೋಪು, ಬಾಗಿಲು ಹಾಕು ಎನ್ನುವುದು ಬಿಟ್ಟರೆ ಮಾತೇ ಆಡಿರಲಿಲ್ಲ. ಇವತ್ತು ಬಟ್ಟೆ ಹಿಂಡುತ್ತಿದ್ದಾಗ ತಡೆಯಲಾರದೆ, ಅತ್ತೆ, ಬೈದುಬಿಡಿ ನನ್ನನ್ನ, ಹೀಗಿರಬೇಡಿ ಅಂದೆ. ಅವರು ಹಿಂಡುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಬೈದರೆ ಅವನಿಗೆ ಉರಿ ಗೊತ್ತಾಗುತ್ತಾ ಹೇಳು. ಗೊತ್ತಾಗೋದಾದರೆ ಬೆಳಗ್ಗೆಯಿಂದ ಸಂಜೆವರೆಗೂ ಬೈತೀನಿ.”

ಹಸಿ ಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದೆವು.

ಬೆರಳಿಗೆ ದಿನಕ್ಕೆರಡು ಸಲ ಡ್ರೆಸ್ಸಿಂಗ್. ತಟ್ಟುವುದು, ಮಣಿಸುವುದು ಎಲ್ಲ ನಿಂತಿದೆ. ಚುಕ್ಕೆ ಇಟ್ಟ ಜಾಗದ ಬಣ್ಣ ಚಕ್ಕೆಯೆದ್ದು ಹೋಗಿದೆ.

ಜೂನ್ ೧೬, ಮಂಗಳವಾರ

ಮತ್ತೆ ತಟ್ಟಲು ಶುರುಮಾಡಿದರು. ಜುಂ ಅನ್ನುವುದು ಏಪ್ರಿಲ್‌ನಲ್ಲಿ ಎಲ್ಲಿತ್ತೋ ಅಲ್ಲೇ ಇದೆ, ಅಂಗೈಯ ನಡುವೆ. ಸ್ವಲ್ಪ ಮುಂದೆ ಬಂದಿರಬಹುದಲ್ವಾ ಮೇಡಂ ಎಂದು ನಾನು ಕೇಳಿದೆ. ಅವರು ಮತ್ತೊಮ್ಮೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ಇವನ ಮುಖ ನೋಡಿದರು.

ಸುಟ್ಟಿದ್ದರಿಂದ ನಿಂತಿತಾ ಎಂದು ಕೇಳಿದೆ. ಹಾಗೇನಿಲ್ಲ, ಸುಟ್ಟದ್ದು ಚರ್ಮ, ನರ ಕೆಲವೊಮ್ಮೆ ದಾರಿಯಲ್ಲಿ ತಾನಾಗಿಯೇ ನಿಂತುಬಿಡುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಯಾರದಾದರೂ ತಪ್ಪಾಗಿದ್ದರೆ ಏನಾದರೂ ಮಾಡಬಹುದಿತ್ತೇನೋ. ಡಾಕ್ಟರು ಆಗಸ್ಟ್ ಹದಿನೆಂಟಕ್ಕೆ ಬರಹೇಳಿದ್ದಾರೆ. ಅಷ್ಟರಲ್ಲಿ ಬೆರಳಿಗೆ ಸ್ವಲ್ಪವಾದರೂ ಸ್ಪರ್ಶ ಬಂದಿದ್ದರೆ ಸರಿ. ಬಾರದಿದ್ದರೆ ಈಗ ಇರುವಷ್ಟೇ ಕೈ.

ನಾನು ಟೀಚರಾಗಿ ಸೇರಬೇಕಿದ್ದ ನರ್ಸರಿ ಶಾಲೆಯಿಂದ ಫೋನ್ ಬಂದಿತ್ತು. ಮುಂದಿನ ವರ್ಷ ನೋಡೋಣ ಅಂದೆ. ಸಾಬೂನು ಮುಗಿದಿದೆ, ನಾಳೆ ತರಬೇಕು.

ಜುಲೈ ೬, ಸೋಮವಾರ

ಯಜಮಾನರು ಕುರ್ಚಿಗೆ ಬೇರೆಯವರನ್ನು ಕೂರಿಸಿದ್ದಾರೆ. ಸದ್ಯಕ್ಕೆ, ಎಂದು ಹೇಳಿ ಕಳಿಸಿದರು. ಇವನಿಗೆ ಬೇಕಿದ್ದರೆ ಮುಂದಿನ ಟೇಬಲ್ಲಿನಲ್ಲಿ ಕೂತು ಫೋನ್ ತೆಗೆದುಕೊಳ್ಳುವುದು, ಆದ ಹಲ್ಲುಗಳನ್ನು ಡಬ್ಬಿಗೆ ಹಾಕಿ ಡಾಕ್ಟರುಗಳಿಗೆ ಕಳಿಸುವುದು ಮಾಡಬಹುದಂತೆ. ಇವತ್ತು ಮೊದಲ ದಿನ ಹೋಗಿಬಂದ. ಹೇಗಿತ್ತು ಎಂದು ಅತ್ತೆ ಕೇಳಿದರು. “ಹೊಸಬ ಚೆನ್ನಾಗಿ ಕೆಲಸ ಮಾಡ್ತಾನಮ್ಮ. ಕೈ ಸ್ವಲ್ಪ ಭಾರ, ಅಷ್ಟೆ” ಅಂದ. ಊಟಕ್ಕೆ ಕೂತಾಗ ಚಮಚ ಬಲಗೈಗೆ ತೆಗೆದುಕೊಂಡ, ಅದು ಜಾರಿ ಬಿತ್ತು, ಎಡಗೈಗೆ ತೆಗೆದುಕೊಂಡ. ಮೂರು ಜನವೂ ಆ ಚಮಚ ನೋಡಲಿಲ್ಲ.

ಕೈ ಮೇಡಂ ಹೇಳಿಕೊಟ್ಟ ಒಂದು ಪರೀಕ್ಷೆ ಮನೆಯಲ್ಲಿ ಮಾಡುತ್ತಿದ್ದೇನೆ. ಅವನು ಕಣ್ಣು ಮುಚ್ಚಬೇಕು, ನಾನು ಬ್ರಷ್ಷಿನಿಂದ ಒಂದು ಬೆರಳು ಮುಟ್ಟಬೇಕು, ಯಾವ ಬೆರಳೆಂದು ಅವನು ಹೇಳಬೇಕು. ಕಿರುಬೆರಳು ಮಾತ್ರ ಪ್ರತಿಸಲ ಸರಿಯಾಗಿ ಹೇಳುತ್ತಾನೆ. ಉಳಿದದ್ದಕ್ಕೆ ಮುಟ್ಟಿದೆಯಾ ಎಂದು ಕೇಳುತ್ತಾನೆ.

ಜುಲೈ ೨೫, ಶನಿವಾರ

ನಾನು ಪಾಲಿಷ್ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದೆ. ಇವತ್ತು ಇವನೇ ಬಗ್ಗಿ ತೆಗೆದು ತಂದ. ಹೊಸ ಚರ್ಮ ಬಂದಿದೆ, ಬೆರಳು ನುಣುಪಾಗಿ ಹೊಳೆಯುತ್ತವೆ, ಯಾರದೋ ಬೆರಳಿನ ಹಾಗೆ. ಬೇಡ ಅಂದೆ. ಹಚ್ಚು ಅಂದ. ಬೇಡ ಕಣೋ, ಆ ಬಾಟಲಿ ನೋಡಿದರೆ ನನಗೆ ಆ ಬಟ್ಟಲೇ ಕಾಣುತ್ತೆ ಅಂದೆ. ಅವನು ಮುಚ್ಚಳ ತೆಗೆಯಲು ಹಲ್ಲಿನಿಂದ ಕಚ್ಚಿದ. ಕೊನೆಗೆ ನಾನೇ ತೆಗೆದೆ.

ಸಂಜೆಯ ನೀಲಿ. ಅಭ್ಯಾಸ ತಪ್ಪಿ ಉಗುರಿನ ಪಕ್ಕದ ಚರ್ಮಕ್ಕೆಲ್ಲ ತಾಗಿತು. ತೋರುಬೆರಳಿಗೆ ಎರಡನೇ ಸಲ ಬ್ರಷ್ ಎಳೆಯುತ್ತಿದ್ದಾಗ ಅವನು ಮೆಲ್ಲಗೆ ಹೇಳಿದ, “ತಣ್ಣಗಿದೆ.”

“ಏನು?”

“ಪಾಲಿಷ್. ತಣ್ಣಗೆ ಅನ್ಸ್ತಿದೆ.”

ನಾನು ಬ್ರಷ್ ಹಿಡಿದುಕೊಂಡೇ ಅತ್ತುಬಿಟ್ಟೆ. ಅತ್ತೆ ಓಡಿಬಂದರು. ಅವನು ಅವರಿಗೂ ಹೇಳಿದ. ಅತ್ತೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡರು, ಆಮೇಲೆ ನನ್ನನ್ನೂ ಎಳೆದುಕೊಂಡರು. ಅವರ ಸೀರೆಯ ತುಂಬ ನೀಲಿ ಆಯಿತು. ಆದರಾಗಲಿ ಬಿಡು, ಅಂದರು.

ಆಗಸ್ಟ್ ೮, ಶನಿವಾರ

ಅತ್ತೆ ಪಕ್ಕದ ಮನೆಯವರಿಗೆ, ಹೊಲಿಗೆಯವಳಿಗೆ, ತಮ್ಮ ತಂಗಿಗೆ, ಎಲ್ಲರಿಗೂ ಹೇಳಿಯಾಗಿದೆ. ಫೋನಿನಲ್ಲಿ ಹೇಳುವಾಗ, “ನೋಡು, ಸೊಸೆ ಹಚ್ಚಿದ ಬಣ್ಣ ತಣ್ಣಗಿದೆ ಅಂದ್ನಂತೆ” ಎಂದು ಪ್ರತಿಸಲ ಅದೇ ಜಾಗದಲ್ಲಿ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಇಸ್ತ್ರಿ ಮಾಡುತ್ತಾ ಹಾಡು ಗುನುಗುತ್ತಿದ್ದರು. ಈ ಮನೆಗೆ ಬಂದ ಮೇಲೆ ಅವರ ಹಾಡು ಕೇಳಿದ್ದು ಇದೇ ಮೊದಲು.

ಅವನು ದಿನಾ ಸ್ವಲ್ಪ ಸ್ವಲ್ಪ ಹೇಳುತ್ತಾನೆ. ಇವತ್ತು ಹೆಬ್ಬೆರಳಲ್ಲಿ ಇರುವೆ ಹರಿದ ಹಾಗಾಯ್ತು. ಇವತ್ತು ಬಸ್ಸಿನ ಕಂಬಿ ಬಿಸಿ ಇದೆ ಅನ್ನಿಸಿತು.

ಈ ನಡುವೆ ಕಣ್ಣು ಮುಚ್ಚಿಸುವ ಪರೀಕ್ಷೆ ಮಾಡುತ್ತಿಲ್ಲ. ಅವನೂ ಕೇಳಿಲ್ಲ. ಕಣ್ಣು ತೆರೆದಿರುವಾಗ ಯಾವ ಬೆರಳು ಮುಟ್ಟಿದರೂ ಸರಿಯಾಗಿ ಹೇಳುತ್ತಾನೆ.

ಅವನ ಅಂಗಿಯ ಗುಂಡಿ ಇವತ್ತು ಬೆಳಗ್ಗೆಯೂ ನಾನೇ ಹಾಕಿದೆ. ನನ್ನ ಉಗುರು ಕತ್ತರಿಸಿಬಿಟ್ಟಿದ್ದೇನೆ, ಅಡ್ಡ ಬರುವುದಿಲ್ಲ ಈಗ, ಬೇಗ ಆಗುತ್ತದೆ.

ಆಗಸ್ಟ್ ೧೬, ಭಾನುವಾರ

ನಾಡಿದ್ದು ಡಾಕ್ಟರ ಹತ್ತಿರ ಹೋಗಬೇಕು.

ಮಧ್ಯಾಹ್ನದ ಊಟ ಆದಮೇಲೆ ಅತ್ತೆಯೇ ಅಂದರು, “ನಾಡಿದ್ದು ಅಲ್ಲಿ ಕಣ್ಣು ಮುಚ್ಚಿಸಿ ಕೇಳ್ತಾರಲ್ಲ, ಒಂದ್ಸಲ ಇಲ್ಲೇ ಮಾಡಿ ನೋಡ್ರೋ. ಗಾಬರಿ ಹೋಗುತ್ತೆ.” ಹೇಳಿ ಅಡುಗೆಮನೆಗೆ ಹೋದರು. ಪಾತ್ರೆ ಅವರೇ ತೊಳೆಯುತ್ತಿದ್ದರು, ನನ್ನನ್ನು ಏಳಲು ಬಿಡಲಿಲ್ಲ.

ನಾನು ಅವನ ಮುಖ ನೋಡಿದೆ. ಅವನು ಹೂಂ ಅಂದ. ಕೈಯನ್ನು ಮೇಜಿನ ಮೇಲೆ ಹರಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಣ್ಣು ಮುಚ್ಚಿದ. ರೆಪ್ಪೆ ಎಷ್ಟು ಬಿಗಿಯಾಗಿ ಮುಚ್ಚಿದ್ದನೆಂದರೆ ಸುತ್ತ ಸುಕ್ಕು ಬಿದ್ದವು. ಕದ್ದು ನೋಡುವ ಆಟ ಅವನಿಗೆ ಬೇಡವಾಗಿತ್ತು. ಸರಿಯಾಗಿಯೇ ಮುಚ್ಚಿದ್ದ.

ನೀಲಿ ಬಾಟಲಿ ತೆಗೆದುಕೊಂಡೆ. ಮೂತಿಯ ಹತ್ತಿರ ಪಾಲಿಷ್ ಒಣಗಿ ಮುಚ್ಚಳ ಕಚ್ಚಿಕೊಂಡಿತ್ತು. ತಿರುಗಿಸಿದರೆ ಬರಲಿಲ್ಲ. ಲಂಗದ ಅಂಚಿನಿಂದ ಹಿಡಿದು ಮತ್ತೆ ತಿರುಗಿಸಿದೆ. ಅವನ ಹಣೆಯಲ್ಲಿ ಬೆವರು ಮೂಡಿತ್ತು. ನಲ್ಲಿಯ ನೀರಿನ ಸದ್ದು ನಿಂತಿತು, ಅತ್ತೆ ಅಲ್ಲಿಂದ ಕಿವಿಗೊಟ್ಟಿದ್ದರೇನೋ.

“ನಡುಬೆರಳು” ಅಂದ.

ಬ್ರಷ್ ಇನ್ನೂ ಬಾಟಲಿಯೊಳಗೇ ಇತ್ತು. ನಾನು ಯಾವ ಬೆರಳನ್ನೂ ಮುಟ್ಟಿರಲಿಲ್ಲ.

“ಸರಿ” ಅಂದೆ.

“ಸರಿಯಾಗಿ ಹೇಳಿದ್ನಾ?” ಅತ್ತೆ ಒಳಗಿನಿಂದ ಕೇಳಿದರು.

“ಸರಿಯಾಗಿ ಹೇಳಿದ್ರು ಅತ್ತೆ.”

ಅವನ ಭುಜ ಕೆಳಗಿಳಿಯಿತು. ಕಣ್ಣು ತೆರೆಯಲು ಹೊರಟಿದ್ದ, ತಾಳು ಅಂದೆ. ಮುಚ್ಚಳ ಆಗ ಬಿಟ್ಟುಕೊಂಡಿತು. ಬ್ರಷ್ ಎತ್ತಿ, ಬಾಟಲಿಯ ಅಂಚಿಗೆ ಒರೆಸಿ, ಸದ್ದಾಗದ ಹಾಗೆ ಅವನ ನಡುಬೆರಳಿನ ಮೇಲೆ ಇಟ್ಟೆ.